ಬಾಯಿ ತೆರೆದ ಬಂದೂಕು

ಚೆಲುವರಾಜು ಓಕ್ ಮರದ ಬುಡಕ್ಕೆ ಒರಗಿ ಕೂತಿದ್ದ. ತಲೆ ಎಡಕ್ಕೆ ವಾಲಿತ್ತು. ಟೋಪಿ ಮೂಗಿನ ತನಕ ಜಾರಿತ್ತು.

ನಿದ್ದೆ ಹೋಗಿದ್ದಾನೆ ಎಂದುಕೊಂಡಳು ದೀಪಾಲಿ. ಬೇಟೆಗೆ ಬಂದು ಗೊರಕೆ ಹೊಡೆಯುವವನಿಗೆ ನಾಲ್ಕು ಮಾತು ಬೈಯಬೇಕೆಂದು ಬೇಲಿ ದಾಟಿ ಹತ್ತಿರ ಹೋದಳು. ಆಗ ಅವನ ಬಲತೋಳು ಕಂಡಿತು.

ಎಲೆಬಣ್ಣದ ಅಂಗಿ ಕಂಕುಳಿನಿಂದ ಸೊಂಟದವರೆಗೆ ತೊಯ್ದು ಕಪ್ಪಾಗಿತ್ತು. ಅವನು ತನ್ನ ಬೆಲ್ಟು ಬಿಚ್ಚಿ ತೋಳಿಗೆ ಸುತ್ತಿಕೊಂಡಿದ್ದ. ಒಂದೇ ಕೈಯಲ್ಲಿ ಸುತ್ತಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದಿದ್ದ. ಚರ್ಮದ ಮೇಲೆ ಹಲ್ಲಿನ ಗುರುತು ಆಳವಾಗಿ ಮೂಡಿತ್ತು. ಬಿಗಿ ಸಾಲದೆ ಹೋಗಿತ್ತು.

ಅವಳು ಅವನ ಕುತ್ತಿಗೆ ಮುಟ್ಟಿ ನೋಡಿದಳು. ನಾಡಿ ಇರಲಿಲ್ಲ.

ಹಿಂದೆ ತರಗೆಲೆ ಸದ್ದಾಯಿತು. ಉಳಿದ ಮೂವರು ಬರುತ್ತಿದ್ದರು.

"ಅಲ್ಲೇ ನಿಲ್ರಿ!" ದೀಪಾಲಿ ಕೂಗಿದಳು. "ಒಬ್ರೂ ಬೇಲಿ ದಾಟಿ ಬರಬ್ಯಾಡ್ರಿ. ಚೆಲುವ ಹೋಗ್ಯಾನ. ಯಾರೋ ಗುಂಡು ಹೊಡದಾರ."

ಬೇಲಿಯ ಆಚೆ ರಘು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದ. ಶಶಿಧರ ಕೆಟ್ಟ ಮಾತೊಂದನ್ನು ಆಡಿದ. ಕುಶಲ್ ಮಾತ್ರ ಅಲುಗಾಡಲಿಲ್ಲ. ಅವನ ಮುಖ ಸುಣ್ಣ ಬಳಿದಂತಿತ್ತು.

ಹೆಣದ ಪಕ್ಕದಲ್ಲಿ ಚೆಲುವರಾಜುವಿನ ಬಂದೂಕು ಬಿದ್ದಿತ್ತು. ನಳಿಗೆ ಗುಡ್ಡದ ಕಡೆಗಿತ್ತು. ತೋಟಾ ತುಂಬುವ ಬಾಯಿ ತೆರೆದುಕೊಂಡಿತ್ತು. ದೀಪಾಲಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಆ ಹೊತ್ತಿನಲ್ಲಿ ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲೂ ಅವಳಿರಲಿಲ್ಲ.

* * *

ದೀಪಾಲಿ ಧಾರವಾಡದವಳು. ವಯಸ್ಸು ಐವತ್ತೆರಡು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ರೈಫಲ್ ತಂಡದಲ್ಲಿದ್ದಳು. ದೇಶ ಬಿಟ್ಟು ಫ್ರೀಮಾಂಟಿಗೆ ಬಂದು ಅರ್ಧ ಆಯುಷ್ಯ ಕಳೆದಿತ್ತು. ವಾರವಿಡೀ ಎಂಜಿನಿಯರ್ ಕೆಲಸ. ಶನಿವಾರ ಮಾತ್ರ ಸಂಬಳವಿಲ್ಲದ ಮೇಷ್ಟ್ರ ಕೆಲಸ: ಬೇಟೆಗೆ ಲೈಸೆನ್ಸ್ ಬೇಕೆನ್ನುವವರಿಗೆ ಬಂದೂಕಿನ ಸುರಕ್ಷತೆಯ ಪಾಠ. ಈ ನಾಲ್ವರೂ ಅವಳ ಶಿಷ್ಯರೇ.

ಗಿಲ್‌ರಾಯ್‌ನ ಪೂರ್ವಕ್ಕಿರುವ ದನ ಮೇಯುವ ಆ ಗುಡ್ಡದ ರ‍್ಯಾಂಚನ್ನು ಶಶಿಧರ ವಸಂತಕಾಲದ ಬೇಟೆಗೆಂದು ಬಾಡಿಗೆಗೆ ಹಿಡಿದಿದ್ದ. ಟರ್ಕಿ ಕೋಳಿಯ ಬೇಟೆ. ಹೆಣ್ಣು ಟರ್ಕಿಯ ಹಾಗೆ ಕೂಗುವ ಮರದ ಪೆಟ್ಟಿಗೆಯೊಂದಿರುತ್ತದೆ. ಬೇಟೆಗಾರ ಎಲೆಬಣ್ಣದ ಬಟ್ಟೆ ತೊಟ್ಟು, ಮರಕ್ಕೆ ಒರಗಿ, ಅದನ್ನು ಉಜ್ಜಿ ಸದ್ದು ಮಾಡುತ್ತ ಕೂರಬೇಕು. ಗಂಡು ಹುಡುಕಿಕೊಂಡು ಬರುತ್ತದೆ. ಹಾಗಾಗಿ ಈ ಬೇಟೆಯಲ್ಲಿ ಒಂದು ಮರ್ಯಾದೆ ಉಂಟು. ಕೂಗು ಕೇಳಿಸಿದ ಕಡೆಗೆ ಯಾರೂ ನುಸುಳಿಕೊಂಡು ಹೋಗಬಾರದು. ಅಲ್ಲಿರುವುದು ಹಕ್ಕಿಯೋ, ಹಕ್ಕಿಯ ಹಾಗೆ ಕೂಗುವ ಗೆಳೆಯನೋ, ಬಲ್ಲವರಾರು?

ಬೆಳಿಗ್ಗೆ ಟ್ರಕ್ಕಿನ ಹಿಂದೆ ನಿಂತು ಎಲ್ಲರೂ ತಮ್ಮ ಜಾಗವನ್ನು ಬಾಯಿಬಿಟ್ಟು ಹೇಳಿದ್ದರು. ಹಾಗೆ ಹೇಳಿಸುವುದು ದೀಪಾಲಿಯ ಕಟ್ಟಳೆ. ಚೆಲುವರಾಜು ತೊರೆಯ ದಂಡೆಯ ಓಕ್ ಮರ ಆರಿಸಿಕೊಂಡ. ರಘು ತೊರೆಯ ತಿರುವು. ಕುಶಲ್ ದನಗಳ ಕೆರೆ. ಶಶಿಧರ ಬೋಳುಗುಡ್ಡದ ನೆತ್ತಿ. ಮೊಣಕಾಲು ನೋವಿದ್ದ ದೀಪಾಲಿ ಗೇಟಿನ ಹತ್ತಿರ ಜೀಪಿನಲ್ಲೇ ಕೂತಳು. ಜಾಗ ಬಿಡುವುದಾದರೆ ರೇಡಿಯೋದಲ್ಲಿ ಹೇಳಿಯೇ ಬಿಡಬೇಕು. ಎಲ್ಲರ ಕಿಸೆಯಲ್ಲೂ ಒಂದೊಂದು ರೇಡಿಯೋ ಇತ್ತು.

ಬಿಸಿಲು ಬೀಳುವ ಹೊತ್ತಿಗೆ ಮೊದಲ ಗುಂಡು ಕೇಳಿತು. "ನಂದು ಆತು!" ಎಂದು ಶಶಿಧರ ರೇಡಿಯೋದಲ್ಲಿ ಕೂಗಿದ. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಒಂಬತ್ತಕ್ಕೆ ಕಾಲು ಗಂಟೆ ಮುನ್ನ ಕಣಿವೆಯ ಒಳಗಿನಿಂದ ಒಂದು ಗುಂಡು, ಸ್ವಲ್ಪ ತಡೆದು ಇನ್ನೊಂದು. "ಮಿಸ್ ಆಯ್ತು ಅಕ್ಕ," ಎಂದ ಕುಶಲ್. ಎರಡೂ ಅವನವೇ ಎಂದು ಎಲ್ಲರೂ ತಿಳಿದರು. ಒಂಬತ್ತಕ್ಕೆ ರಘು ರೇಡಿಯೋದಲ್ಲಿ ನಕ್ಕಿದ್ದ: "ನಂಗೇನೂ ಸಿಗ್ಲಿಲ್ಲ ಕಣಕ್ಕ. ಇವತ್ತು ಉಪ್ಸಾರೇ ಗತಿ." ಚೆಲುವರಾಜು ಮಾತ್ರ ಉತ್ತರ ಕೊಡಲಿಲ್ಲ. ಹಕ್ಕಿ ಹತ್ತಿರ ಬಂದಿರಬೇಕೆಂದು ಹತ್ತರವರೆಗೆ ಕಾದು, ಆಮೇಲೆ ಎಲ್ಲರೂ ಅವನನ್ನು ಹುಡುಕಿ ಹೊರಟಿದ್ದರು.

ಕಣಿವೆಯಲ್ಲಿ ಫೋನು ಹಿಡಿಯುತ್ತಿರಲಿಲ್ಲ. ಪೊಲೀಸರನ್ನು ಕರೆಯಲು ಗುಡ್ಡ ಹತ್ತಿ ಓಡಿದವನು ರಘುವೇ.

* * *

ಪೊಲೀಸ್ ಡೆಪ್ಯುಟಿ ಒರ್ಟೇಗಾ ಗಿಡ್ಡನೆಯ, ಮಾತು ಕಮ್ಮಿಯ ಮನುಷ್ಯ. ಜೊತೆಗೆ ಇಬ್ಬರು ಸಹಾಯಕರು, ಒಬ್ಬಳು ವೈದ್ಯೆ.

"ಚರೆ ಗುಂಡು," ಎಂದಳು ವೈದ್ಯೆ, ಹೆಣದ ಬಳಿಯಿಂದ ಏಳುತ್ತ. "ಕಂಕುಳ ಹತ್ತಿರ ರಕ್ತನಾಳ ಹರಿದಿದೆ. ಹೊಡೆತ ಬಿದ್ದದ್ದು ಮೂವತ್ತು ಗಜದ ಒಳಗಿನಿಂದ."

"ಕೂಡಲೇ ಸತ್ತನೇ?"

"ಇಲ್ಲ. ಅರ್ಧ ಗಂಟೆಯಾದರೂ ಜೀವ ಹಿಡಿದಿದ್ದಾನೆ. ಯಾರಾದರೂ ಪಕ್ಕದಲ್ಲಿ ಕೂತು ಗಾಯ ಒತ್ತಿ ಹಿಡಿದಿದ್ದರೆ, ಹೆಲಿಕಾಪ್ಟರ್ ಬರುವವರೆಗೂ ಉಳಿಯಬಹುದಿತ್ತು."

 ಬೆಲ್ಟಿನ ಮೇಲಿನ ಹಲ್ಲಿನ ಗುರುತು ದೀಪಾಲಿಯ ಕಣ್ಣ ಮುಂದೆ ಬಂತು.

"ಇದು ಕಳ್ಳ ಬೇಟೆಗಾರರ ಕೆಲಸಾರೀ!" ಶಶಿಧರ ಅಬ್ಬರಿಸಿದ. ಹುಬ್ಬಳ್ಳಿಯ ಗಂಟಲು ಅವನದು. "ಮುಂಜಾನೆ ಆ ಕಡೆ ಬೇಲಿ ಹತ್ರ ಪಿಕಪ್ ನಿಂತಿದ್ದು ನಾ ನೋಡೇನಿ!"

ಒರ್ಟೇಗಾ ವಿಚಾರಿಸಲು ಒಬ್ಬನನ್ನು ಕಳಿಸಿದ. ಪಿಕಪ್ ನೆರೆಯ ರ‍್ಯಾಂಚಿನವರದ್ದು. ಇಬ್ಬರು ಆಳುಗಳು ತಂತಿ ಬಿಗಿಯುತ್ತಿದ್ದರು. ಅವರ ಬಳಿ ಸುತ್ತಿಗೆಯಿತ್ತು, ಬಂದೂಕಿರಲಿಲ್ಲ. ಅವರು ಆ ಜಾಗ ಬಿಟ್ಟು ಕದಲಿಲ್ಲವೆಂದು ರ‍್ಯಾಂಚಿನ ಯಜಮಾನಿಯೇ ಹೇಳಿದಳು.

"ನೀವೂ ಸತ್ತವನೂ ಕಳೆದ ವಾರ ಜಗಳವಾಡಿದ್ದಿರಂತೆ," ಎಂದು ಒರ್ಟೇಗಾ ಈಗ ಶಶಿಧರನ ಕಡೆ ತಿರುಗಿದ.

ಜಗಳ ನಿಜ. ಓಕ್ ಮರ ತನ್ನದೆಂದು ಶಶಿಧರ, ಮೊದಲು ಹೋಗಿ ಕೂತವನದೆಂದು ಚೆಲುವರಾಜು. ವಾಟ್ಸಾಪಿನಲ್ಲಿ ಊರೆಲ್ಲ ಓದುವಂತೆ ಬೈದಾಡಿದ್ದರು.

"ಆ ಮರದ ಸಲುವಾಗಿ ಮನುಷ್ಯಾನ್ನ ಕೊಲ್ತೀನೇನ್ರೀ?" ಶಶಿಧರನ ದನಿ ಒಡೆಯಿತು.

"ಇವನಲ್ಲ," ಎಂದಳು ದೀಪಾಲಿ. "ಗೇಟಿನಿಂದ ಬೋಳುಗುಡ್ಡ ಪೂರ್ತಿ ಕಾಣುತ್ತದೆ. ಬೆಳಿಗ್ಗೆಯೆಲ್ಲ ನನ್ನ ಕಣ್ಣೆದುರೇ ಇದ್ದ. ಹಕ್ಕಿ ಹೊಡೆದು, ಅದರ ಜೊತೆ ಫೋಟೋ ತೆಗೆದುಕೊಳ್ಳುತ್ತ ಕೂತಿದ್ದ."

ಬಂದೂಕುಗಳನ್ನು ನೋಡಿ ಪ್ರಯೋಜನವಿರಲಿಲ್ಲ. ಹಿಂದಿನ ದಿನ ಎಲ್ಲರೂ ರೇಂಜಿನಲ್ಲಿ ಗುರಿಯಿಟ್ಟು ಹೊಡೆಯುವ ಅಭ್ಯಾಸ ಮಾಡಿದ್ದರು. ಎಲ್ಲ ನಳಿಗೆಗಳಲ್ಲೂ ಮದ್ದಿನ ಕರಿ ಹಿಡಿದಿತ್ತು. ಮೂವರೂ ಒಂದೇ ಅಂಗಡಿಯ, ಒಂದೇ ಬಗೆಯ ತೋಟಾ ಕೊಂಡಿದ್ದರು. ಚರೆಯನ್ನು ನೋಡಿ ಇದು ಇಂಥವನ ಬಂದೂಕಿನದೆಂದು ಯಾವ ಪಂಡಿತನೂ ಹೇಳಲಾರ.

ಉಳಿದದ್ದು ಆ ಎರಡು ಗುಂಡು.

"ನಾನು ಹೊಡೆದದ್ದು ಒಂದೇ," ಎಂದ ಕುಶಲ್. ಮೂವತ್ತೆರಡರ ಅವನಿಗೆ ಇದೇ ಮೊದಲ ಬೇಟೆ. ಡೇಕೇರಿಗೆ ಹೋಗುವ ಮಗಳಿದ್ದಳು.  "ಐ ಥಿಂಕ್ ಒಂದೇ."

"ಗಾಬರಿಯಲ್ಲಿದ್ದವರಿಗೆ ಎಷ್ಟು ಸಲ ಹೊಡೆದೆವೆಂಬುದು ನೆನಪಿರುವುದಿಲ್ಲ," ಎಂದು ಒರ್ಟೇಗಾ ಮೆತ್ತಗೆ ಹೇಳಿದ.

* * *

ದೀಪಾಲಿ ಜೀಪಿನಿಂದ ನೀರು ತರಲು ಹೋದಳು. ಟ್ರಕ್ಕಿನ ಆ ಬದಿಯಲ್ಲಿ ರಘು, ಕುಶಲ್‌ನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದ. ಐದು ಹೆಜ್ಜೆ ದೂರದಲ್ಲೇ ಡೆಪ್ಯುಟಿಯ ಸಹಾಯಕ ನಿಂತಿದ್ದ. ಅವನಿಗೆ ಕನ್ನಡ ಬರುತ್ತಿರಲಿಲ್ಲ.

"ನೀನೇನು ಬೇಕಂತ ಮಾಡಿದ್ದಲ್ಲ ಕಣೋ," ರಘು ಮಗುವಿಗೆ ಹೇಳುವಂತೆ ಹೇಳುತ್ತಿದ್ದ. "ಹಕ್ಕಿ ಓಡ್ತು, ಇನ್ನೊಂದು ಹೊಡ್ದೆ. ಮನ್ಸಿಗೆ ಬಂದಿಲ್ಲ ಅಷ್ಟೆ. ಒಪ್ಕೊಂಬಿಡು. ಆಕ್ಸಿಡೆಂಟು ಅಂತ ಬರ್ಕೋತಾರೆ. ಸುಮ್ನೆ ಎಳೆದಾಡಿದ್ರೆ ನಿಂಗೇ ಕಷ್ಟ. ಗುಡ್ಡದ ಮೇಲಿಂದ ನಿಸರ್ಗಾಗೂ ಫೋನ್ ಮಾಡಿ ಹೇಳಿದೀನಿ, ಕುಶಲ್ ಪಾಪದವ್ನು ಅಂತ."

"ನಾನೇ ಸಾಯಿಸಿಬಿಟ್ನಾ ರಘು?" ಕುಶಲ್ ಬಿಕ್ಕಿದ.

"ದೇವರು ನೋಡ್ಕೋತಾನೆ ಬಿಡೋ."

ದೀಪಾಲಿಯ ಕೈಯಲ್ಲಿ ನೀರಿನ ಬಾಟಲಿ ಜಜ್ಜಿಹೋಯಿತು. ರಘು ಚೆಲುವರಾಜುವಿನ ಪಕ್ಕದೂರಿನವ. ಮಂಡ್ಯದಲ್ಲಿ ಒಂದೇ ಶಾಲೆ, ಇಲ್ಲಿ ಒಂದೇ ಆಫೀಸು, ದಿನಾ ಒಂದೇ ಕಾರು. ಅಂಥ ಗೆಳೆಯ ಸತ್ತು ಬಿದ್ದಿರುವಾಗ ಇವನಿಗೆ ಇಷ್ಟು ನಯವಾದ ಮಾತು ಎಲ್ಲಿಂದ ಬರುತ್ತಿದೆ? ಇನ್ನೂ ಯಾರೂ ಯಾರನ್ನೂ ಹಿಡಿದಿಲ್ಲ. ಚೆಲುವನ ಹೆಂಡತಿ ನಿಸರ್ಗಾಗೆ ಆಗಲೇ ಕುಶಲ್‌ನ ಹೆಸರು ಹೋಗಿ ಮುಟ್ಟಿದೆ!

ಅವಳು ಸೀದಾ ಹೋಗಿ ಕುಶಲ್‌ನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು. ಎಲ್ಲಿ ನಿಂತು ಹೊಡದಿ ತೋರ್ಸು. ಡೆಪ್ಯುಟಿ, ನೀವೂ ಬನ್ನಿ."

* * *

ಕೆರೆ ಅಂದರೆ ದನ ತುಳಿದ ಕೆಸರಿನ ಗುಂಡಿ. ಅದರ ಹಿಂದೆ ಮಣ್ಣಿನ ದೊಡ್ಡ ದಿಣ್ಣೆ. ಕುಶಲ್ ತಾನು ಕೂತಿದ್ದ ಕಲ್ಲು ತೋರಿಸಿದ.

"ಹಕ್ಕಿ ಎಲ್ಲಿತ್ತು?"

"ಮೊದ್ಲು ಎಡಗಡೆ ಇತ್ತು ಅಕ್ಕ, ಓಪನ್ ಆಗಿ. ಆಗ ಹೊಡೀಲಿಲ್ಲ."

"ಯಾಕ?"

"ಹಿಂದೆ ಆಕಾಶ ಅಷ್ಟೇ ಕಾಣ್ತಿತ್ತು. ಹಕ್ಕಿ ಹಿಂದೆ ಏನಿದೆ ಗೊತ್ತಿಲ್ದೆ ಹೊಡೀಬಾರ್ದು ಅಂತ ನೀವೇ ಹೇಳಿದ್ರಲ್ಲ. ದಿಣ್ಣೆ ಮುಂದೆ ಬರೋವರೆಗೂ ಕಾದೆ. ಅಷ್ಟ್ರಲ್ಲಿ ಕೈ ನಡುಗ್ತು. ಮೇಲಕ್ಕೆ ಹೋಯ್ತು."

ದೀಪಾಲಿ ದಿಣ್ಣೆ ಹತ್ತಿದಳು. ಮೊಣಕಾಲು ಚುಚ್ಚಿತು. ಮೇಲೆ ಸಾಸಿವೆ ಗಿಡಗಳ ತಲೆ ಕತ್ತರಿಸಿ ಹೋಗಿತ್ತು. ಅದರ ಹಿಂದಿನ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು, ತಟ್ಟೆಯಗಲ. ಒರ್ಟೇಗಾ ಚಾಕುವಿನಿಂದ ಕೆದಕಿ ಚರೆ ತೆಗೆದ.

"ಅವನ ಗುಂಡು ಇಲ್ಲಿದೆ," ಎಂದಳು ದೀಪಾಲಿ. "ಓಕ್ ಮರ ಇರುವುದು ಅವನ ಬೆನ್ನ ಹಿಂದೆ, ಏರಿನ ಆಚೆ. ಎರಡನೆಯ ಗುಂಡು ಇವನದಲ್ಲ."

ಕುಶಲ್ ಕೆಸರಿನಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತ.

ಒರ್ಟೇಗಾ ಯೋಚಿಸುತ್ತ ಇಳಿದ. "ಸರಿ. ಒಂದು ಮಾತು, ನೀವು ಚೆನ್ನಾಗಿ ನಡೆದುಕೊಂಡಿರಿ. ಸತ್ತವನ ಬಂದೂಕನ್ನು ಮೊದಲು ಖಾಲಿ ಮಾಡಿದಿರಿ. ಎಷ್ಟೋ ಜನ ಅದನ್ನು ಮರೆಯುತ್ತಾರೆ."

ದೀಪಾಲಿ ನಿಂತುಬಿಟ್ಟಳು.

"ನಾನು ಬಂದೂಕು ಮುಟ್ಟೇ ಇಲ್ಲ."

"ಬಾಯಿ ತೆರೆದಿತ್ತಲ್ಲ? ತೋಟಾ ಇರಲಿಲ್ಲ. ನೀವೇ ತೆಗೆದಿರೆಂದುಕೊಂಡೆ."

"ನಾನು ಹೋದಾಗಲೇ ಹಾಗಿತ್ತು. ನಿಮ್ಮವರು ತೆಗೆದಿಡುವವರೆಗೆ ಬೇರೆ ಯಾರನ್ನೂ ಬೇಲಿ ದಾಟಲು ಬಿಟ್ಟಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಓಕ್ ಮರದ ಕಡೆ ಬಿರಬಿರನೆ ನಡೆದರು.

* * *

ಮರದ ಬುಡದಲ್ಲಿ ತೋಟಾ ಇರಲಿಲ್ಲ. ಚೆಲುವರಾಜುವಿನ ಕಿಸೆಗಳಲ್ಲಿಯೂ ಇರಲಿಲ್ಲ. ಬಲಗಿಸೆಯಲ್ಲಿದ್ದ ಅವನ ರೇಡಿಯೋ ಚರೆ ಬಿದ್ದು ಒಡೆದಿತ್ತು. ಅವನ ಚೀಲದಲ್ಲಿ ತೋಟಾ ಡಬ್ಬಿಯೊಂದಿತ್ತು. ಹೆಗಲ ಆಪರೇಷನ್ ಆದಮೇಲೆ ಅವನು ಹಗುರದ, ಸಣ್ಣ ನಳಿಗೆಯ ಬಂದೂಕು ಹಿಡಿದಿದ್ದ. ಅದರ ತೋಟಾ ಹಳದಿ. ಉಳಿದ ಮೂವರದು ದೊಡ್ಡ ನಳಿಗೆ, ಕೆಂಪು ತೋಟಾ. ಹಳದಿಯೊಂದು ಮರೆತು ದೊಡ್ಡ ನಳಿಗೆಗೆ ಹೋದರೆ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಕೆಂಪು ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಹಾಗಾಗಿ ಎರಡು ಬಣ್ಣ ಒಂದು ಕಿಸೆಯಲ್ಲಿ ಸೇರಕೂಡದು. ಇದು ದೀಪಾಲಿಯ ಮೊದಲ ದಿನದ ಪಾಠ.

ಡಬ್ಬಿಯಲ್ಲಿದ್ದ ಹಳದಿ ತೋಟಾಗಳ ಮೇಲೆ ಕೆಂಪು ಬೊಟ್ಟಿನ ಕಲೆ ಕಂಡಿತು.

"ಇದೇನು, ರಕ್ತವೇ?" ಎಂದ ಒರ್ಟೇಗಾ.

"ಕುಂಕುಮ. ಆಯುಧಪೂಜೆ ದಿನ ಇವನ ಹೆಂಡತಿ ಬಂದೂಕಿಗೂ ಡಬ್ಬಿಯ ಒಂದೊಂದು ತೋಟಾಗೂ ಇಟ್ಟಿದ್ದಾಳೆ. ಆ ದಿನ ನಾನೂ ಅವರ ಮನೆಯಲ್ಲಿದ್ದೆ."

ದೀಪಾಲಿ ಮರಕ್ಕೆ ಕೈಯೂರಿ ನಿಂತಳು. ಸಿಟ್ಟಿನಿಂದ ಅವಳ ದನಿ ತಣ್ಣಗಾಗಿತ್ತು.

"ಕೇಳಿ. ಕೂಗುವ ಪೆಟ್ಟಿಗೆ ಇವನ ತೊಡೆಯ ಮೇಲಿತ್ತು. ಹಕ್ಕಿ ಕರೆಯುತ್ತ ಕೂತವನು ಬಂದೂಕು ಖಾಲಿ ಇಟ್ಟುಕೊಳ್ಳುವುದಿಲ್ಲ. ಗುಂಡು ಬಿದ್ದ ಮೇಲೆ ಇವನೇ ಖಾಲಿ ಮಾಡಲಾರ, ಇದಕ್ಕೆ ಎರಡು ಕೈ ಬೇಕು. ಮಾಡಿದನೆಂದೇ ಇಟ್ಟುಕೊಳ್ಳಿ, ತೋಟಾ ಇಲ್ಲೇ ಬಿದ್ದಿರಬೇಕಿತ್ತು. ಅಂದರೆ ಹೊಡೆದವನು ಇಲ್ಲಿಗೆ ಬಂದಿದ್ದಾನೆ. ಗಾಯಾಳುವಿನ ಹತ್ತಿರ ಹೋಗುವ ಮುನ್ನ ಬಂದೂಕು ಖಾಲಿ ಮಾಡು, ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿಡು, ತೋಟಾ ನೆಲಕ್ಕೆ ಹಾಕದೆ ಕಿಸೆಗೆ ಹಾಕಿಕೋ. ಇದು ನನ್ನ ಪಾಠ. ನನ್ನ ಶಿಷ್ಯನೇ ಮಾಡಿದ್ದಾನೆ."

"ತೋಟಾ ಬಿಸಾಕಿರಬಹುದು."

"ನೆನಪಿದ್ದರೆ ತಾನೇ? ಕೈಗೆ ರೂಢಿಯಾದದ್ದನ್ನು ತಲೆ ಗಮನಿಸುವುದಿಲ್ಲ. ಕಿಸೆ ನೋಡಿಸಿ."

* * *

ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಕಂಬಳಿ ಹಾಸಿದರು. ಬೇಟೆಯ ಜಾಕೀಟುಗಳ ಕಿಸೆಗಳನ್ನು ಖಾಲಿ ಮಾಡಿ ತೋರಿಸಬಹುದೇ ಎಂದು ಒರ್ಟೇಗಾ ಕೇಳಿದ.

"ನಂದೇ ಮೊದ್ಲು ನೋಡ್ಲಿ," ಎಂದು ರಘು ಮುಂದೆ ಬಂದ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು. ಎಡಗಿಸೆಯಿಂದ ರೇಡಿಯೋ, ಚಾಕು, ಕೆಂಪು ತೋಟಾ ತೆಗೆದಿಟ್ಟ. ಬಲಗಿಸೆಗೆ ಕೈ ಹಾಕಿದ.

ಕೈ ಹೊರಗೆ ಬರಲಿಲ್ಲ.

"ತಗಿ," ಎಂದಳು ದೀಪಾಲಿ.

ಅವನು ತೆಗೆಯಲಿಲ್ಲ. ಒರ್ಟೇಗಾ ಅವನ ಮಣಿಕಟ್ಟು ಹಿಡಿದು ಎಳೆದ. ಕಂಬಳಿಯ ಮೇಲೆ ಹಳದಿ ತೋಟಾಗಳು ಉರುಳಿದವು.



"ಇವು... ಹೋದ್ವರ್ಷದವು ಕಣಕ್ಕ," ರಘುವಿನ ನಾಲಿಗೆ ತೊದಲಿತು. "ಅವನ ಬಂದೂಕು ತಗೊಂಡಿದ್ನಲ್ಲ ಒಂದ್ಸಲ..."

ದೀಪಾಲಿ ಬಗ್ಗಿ ನೋಡಿದಳು. "ಹೋದ ವರ್ಷ ನೀ ಬಂದೂಕು ತಗೊಂಡಿದ್ದು ಏಪ್ರಿಲ್‌ನಾಗ. ನಿಸರ್ಗಾ ಕುಂಕುಮ ಇಟ್ಟಿದ್ದು ದಸರಾಕ್ಕ. ಬೊಟ್ಟು ಎಲ್ಲಿಂದ ಬಂತು?"

 ರಘು ಮೊಣಕಾಲೂರಿ ಕೂತ.

"ಹೆಣ್ಣು ಕೂಗ್ತಿತ್ತು ಅಂದ್ಕೊಂಡೆ, ಗಂಡೂ ಅಲ್ಲೇ ಇರುತ್ತೆ ಅಂತ. ಅಷ್ಟು ಚೆನ್ನಾಗಿ ಕೂಗ್ದ ಅಕ್ಕ ಅವ್ನು. ಜಾಗ ಬಿಟ್ಟು ತೊರೆ ದಾಟ್ದೆ. ಪೊದೆ ಹಿಂದೆ ಏನೋ ಅಲ್ಲಾಡ್ತು. ಹೊಡ್ದೆ."

"ಹಕ್ಕಿ ಕಣ್ಣಿಗೆ ಬಿತ್ತೇನು?"

"ಇಲ್ಲ."

"ಅಂವ ಆ ಮರದ ಬುಡಕ್ಕ ಕೂಡ್ತೇನಿ ಅಂತ ನಿನ್ನ ಮುಂದನ ಹೇಳಿದ್ದಿಲ್ಲೇನು?"

"ಹೇಳಿದ್ದ."

"ಹೋಗಿ ನೋಡಿದಾಗ ಜೀವ ಇತ್ತೋ ಇಲ್ಲೋ?"

ರಘು ನೆಲ ನೋಡಿದ. "ಇತ್ತು. ನನ್ನ ಹೆಸ್ರು ಕರೆದ. ಬೆಲ್ಟು ಕಟ್ಟೋ ಅಂದ."

"ಮತ್ತ?"

"ಮುಂದಿನ ತಿಂಗ್ಳು ಸಿಟಿಜನ್‌ಶಿಪ್ಪು ಇಂಟರ್ವ್ಯೂ ಇತ್ತಕ್ಕ. ಕೇಸಾದ್ರೆ ಎಲ್ಲಾ ಹೋಗ್ತಿತ್ತು. ಹೆಂಡ್ತಿ, ಮಕ್ಳು... ಹೆಂಗೂ ಉಳ್ಯಲ್ಲ ಅನ್ನಿಸ್ತು. ಅಷ್ಟು ರಕ್ತ..."

ದೀಪಾಲಿಯ ಕೈ ಮೇಲೆದ್ದಿತ್ತು. ಒರ್ಟೇಗಾ ನಡುವೆ ಬಂದದ್ದರಿಂದ ಅದು ರಘುವಿನ ಕೆನ್ನೆಗೆ ಬೀಳಲಿಲ್ಲ.

"ಉಳೀತಿದ್ದ!" ಅವಳ ಕೂಗು ಕಣಿವೆಯಲ್ಲಿ ಮಾರ್ದನಿಸಿತು. "ನಿನ್ನ ಕಿಸೇದಾಗ ರೇಡಿಯೋ ಇತ್ತಲ್ಲೋ! ಒಂದು ಗುಂಡಿ ಒತ್ತಿದ್ರ ನಾ ಓಡಿ ಬರ್ತಿದ್ದೆ. ಬಂದೂಕು ಖಾಲಿ ಮಾಡಾಕ ನೆನಪಾತು, ಅವನ ತೋಳು ಕಟ್ಟಾಕ ಆಗಲಿಲ್ಲ? ಬಂದೂಕು ಖಾಲಿ ಮಾಡೋದು ಯಾಕಂತ ಕಲಿಸಿದ್ದೆ? ಗಾಯ ಆದಾಂವನ ಮಗ್ಗಲಕ್ಕ ಕೂಡಾಕ! ಅಂವ ಅಲ್ಲೆ ಹಲ್ಲಿಲೆ ಬೆಲ್ಟು ಜಗ್ಗಾಕತ್ತಿದ್ದ, ನೀ ಇಲ್ಲೆ ರೇಡಿಯೋದಾಗ ಉಪ್ಸಾರು ಅಂತ ನಗಾಕತ್ತಿದ್ದಿ. ಮ್ಯಾಲ ಈ ಬಡವನ ಕೊರಳಿಗೆ ಕಟ್ಟಾಕ ನೋಡಿದಿ!"

ಕುಶಲ್ ರಘುವನ್ನೇ ನೋಡುತ್ತಿದ್ದ.  ತನ್ನ ಹೆಗಲನ್ನು, ಆ ಕೈ ಇದ್ದ ಜಾಗವನ್ನು, ಜಾಡಿಸಿ ಒರೆಸಿಕೊಂಡ.

ಶಶಿಧರ ನಿಧಾನವಾಗಿ ಕೇಳಿದ: "ಆಕಸ್ಮಿಕ ಅಂತ ಬಿಡ್ತಾರೇನ್ರೀ ಅಕ್ಕಾರ?"

ದೀಪಾಲಿ ರಘು ಹೇಳಿದ್ದನ್ನೆಲ್ಲ ಒರ್ಟೇಗಾನಿಗೆ ಇಂಗ್ಲಿಷಿನಲ್ಲಿ ತಿಳಿಸಿ, ಇದನ್ನೂ ಕೇಳಿದಳು.

"ಗುಂಡು ಹಾರಿದ್ದು ಆಕಸ್ಮಿಕವೆಂದು ಅವನ ವಕೀಲ ಹೇಳಬಹುದು," ಎಂದ ಒರ್ಟೇಗಾ, ಬೇಡಿ ತೊಡಿಸುತ್ತ. "ಆಮೇಲೆ ಅವನು ಎದ್ದು ನಡೆದುಹೋದದ್ದು ಆಕಸ್ಮಿಕವಲ್ಲ."

ರಘು ಎಸೆದಿದ್ದ ಖಾಲಿ ಕೆಂಪು ತೋಟಾ ತೊರೆಯ ತಿರುವಿನ ಪಾಚಿಯಲ್ಲಿ ಸಿಕ್ಕಿತು. ತೊರೆಯ ಕೆಸರಿನಲ್ಲಿ ಅವನ ಬೂಟಿನ ಹೆಜ್ಜೆ ಹೋಗಿ, ತಿರುಗಿ ಬಂದದ್ದೂ ಕಂಡಿತು. ಬರುವಾಗಿನ ಹೆಜ್ಜೆಗಳು ಓಡಿದವಲ್ಲ. ನಡೆದವು.

ಕಾರು ಹತ್ತಿಸುವಾಗ ರಘು ತಿರುಗಿದ. "ಅಕ್ಕ, ನಿಸರ್ಗಾಗೆ ನಾನೇ ಹೇಳ್ತೀನಿ. ನಂಗೊಂದು ಅವಕಾಶ..."

"ಆಕೀ ಹೆಸರು ನಿನ್ನ ಬಾಯಾಗ ಬರಬಾರದು."

* * *

ಸಂಜೆ ಫ್ರೀಮಾಂಟಿನ ಮನೆಯ ಬಾಗಿಲು ತೆರೆದೇ ಇತ್ತು. ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು ಗುಸುಗುಸು ಮಾತಾಡುತ್ತಿದ್ದರು. ನಿಸರ್ಗಾ ಗೋಡೆಗೆ ಒರಗಿ ಕೂತಿದ್ದಳು. ದೀಪಾಲಿಯ ಹಿಂದೆ ಕುಶಲ್‌ನನ್ನು ಕಂಡವಳೇ ಎದ್ದು ನಿಂತಳು.

"ಇವನನ್ನ ಯಾಕೆ ಕರ್ಕೊಂಡು ಬಂದ್ರಿ? ಹೋಗು ಅನ್ನಿ. ನನ್ನ ಕಣ್ಮುಂದೆ ನಿಲ್ಬಾರ್ದು ಇವ್ನು!"

"ಇವನಲ್ಲ ನಿಸರ್ಗಾ."

"ರಘು ಫೋನ್ ಮಾಡಿದ್ದ."

"ಹೌದು. ರಘುನೇ ಮಾಡಿದ್ದ. ಅದಕ್ಕೂ ಮೊದಲು ಗುಂಡೂ ಅವನೇ ಹೊಡೆದಿದ್ದ."

ದೀಪಾಲಿ ಎಲ್ಲವನ್ನೂ ಹೇಳಿದಳು. ಏನನ್ನೂ ಮೆತ್ತಗೆ ಮಾಡಲಿಲ್ಲ.  ನಿಸರ್ಗಾ ಅಳಲಿಲ್ಲ. ಕೇಳುತ್ತ ಕೇಳುತ್ತ ಅವಳ ದವಡೆ ಬಿಗಿಯಿತು.

"ಶುಕ್ರವಾರ ಇಲ್ಲೇ ಉಂಡು ಹೋದ ಅಕ್ಕ. ಇನ್ನೊಂದು ಮುದ್ದೆ ಬೇಕು ಅಂತ ಕೇಳಿ ಹಾಕಿಸ್ಕೊಂಡ."

ದೀಪಾಲಿ ತಲೆಯಾಡಿಸಿದಳು.

"ಇವರು ಅವನನ್ನ ಕರೆದ್ರಾ? ನಿಜ ಹೇಳಿ."

ಇಲ್ಲ ಎಂದುಬಿಡಬಹುದಿತ್ತು. ದೀಪಾಲಿ ಹಾಗೆನ್ನಲಿಲ್ಲ.

"ಕರೆದ. ಹೆಸರು ಹಿಡಿದು ಕರೆದ. ತೋಳು ಕಟ್ಟು ಅಂದ."

 ನಿಸರ್ಗಾ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತಿದ್ದ ಕುಶಲ್‌ನನ್ನು ಒಳಗೆ ಬಾ ಎಂದಳು.

"ಕೋರ್ಟು ಯಾವಾಗ ಅಕ್ಕ?"

"ಇನ್ನೂ ತಡ ಆಗ್ತದ."

"ಎಷ್ಟು ತಡ ಆದ್ರೂ ಆಗ್ಲಿ. ಪ್ರತಿ ದಿನ ಹೋಗ್ತೀನಿ. ಅವನ ಎದುರಿಗೇ ಕೂರ್ತೀನಿ. ಅಲ್ಲಿಂದ ಎದ್ದು ಹೋಗೋಕೆ ಅವನಿಗೆ ಆಗಲ್ಲ."